ನನ್ನ ಮೈಮೇಲಿನ ಬಿಳಿ ಚುಕ್ಕೆ

ನಾನು ಒಂದು ಎಕ್ಸ್-ರೇ ಫಿಲ್ಮು. ಕಪ್ಪು ಕಾಗದ ಹೊದ್ದು, ನನ್ನಂಥ ಹಲವರ ಜೊತೆ ಡಬ್ಬಿಯೊಂದರಲ್ಲಿ ಗದಗಿನ ಒಂದು ಆಸ್ಪತ್ರೆಗೆ ಬಂದೆ. ಬೆಳಕು ತಾಗಿದರೆ ನಾವು ಕೆಡುತ್ತೇವೆ. ಹಾಗಾಗಿ ನನ್ನ ಬಾಲ್ಯವೆಲ್ಲ ಕತ್ತಲೆಯಲ್ಲೇ ಕಳೆಯಿತು. ೨೦೦೧ರ ಮಾರ್ಚ್ ತಿಂಗಳ ಒಂದು ಗುರುವಾರ, ಎಕ್ಸ್-ರೇ ತೆಗೆಯುವ ಮೌಲಾಸಾಬ ನನ್ನನ್ನು ಮೂರನೇ ನಂಬರಿನ ಕ್ಯಾಸೆಟ್ಟಿನೊಳಗಿಟ್ಟು ಮುಚ್ಚಿದ. ಕ್ಯಾಸೆಟ್ ಎಂದರೆ ಹಾಡಿನದಲ್ಲ, ಲೋಹದ ಚಪ್ಪಟೆ ಪೆಟ್ಟಿಗೆ. ಅದರ ಒಳಮೈಗೆ ಅಂಟಿಸಿದ ಬಿಳಿ ಹಾಳೆ ಎಕ್ಸ್-ರೇ ತಾಗಿದಾಗ ಮಿನುಗುತ್ತದೆ. ಆ ಮಿನುಗೇ ನಮ್ಮ ಮೇಲೆ ಚಿತ್ರ ಬರೆಯುತ್ತದೆ.

ಆ ದಿನ ನನಗೆ ಎದೆಯೊತ್ತಿ ನಿಂತವಳು ನೀಲಕ್ಕ, ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್, ವಯಸ್ಸು ನಲವತ್ತೆಂಟು. ತಿಂಗಳಿಂದ ಕೆಮ್ಮು. ಮೌಲಾಸಾಬ ನನ್ನನ್ನು ತೊಳೆದು, ಒಣಗಿಸಿ ಡಾಕ್ಟರಿಗೆ ಕೊಟ್ಟ. ಡಾಕ್ಟರು ದೀಪದ ಪೆಟ್ಟಿಗೆಯ ಮೇಲೆ ನನ್ನನ್ನು ಸಿಕ್ಕಿಸಿ ನೋಡಿದರು. ಬಲ ಪುಪ್ಪುಸದ ಮೇಲ್ಭಾಗದಲ್ಲಿ ಜೋಳದ ಕಾಳಿನಷ್ಟು ಬಿಳಿ ಚುಕ್ಕೆಯಿತ್ತು. ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕೆಂದು ಚೀಟಿ ಬರೆದರು. ಅಲ್ಲಿ ಹತ್ತು ದಿನದ ನಂತರದ ತಾರೀಖು ಸಿಕ್ಕಿತು.

ನೀಲಕ್ಕನ ಅಕ್ಕ ಎರಡು ವರ್ಷದ ಹಿಂದೆ ತೀರಿಹೋಗಿದ್ದಳು. ಆಕೆಯ ಕಾಯಿಲೆಯೂ ಹೀಗೇ ಒಂದು ಚುಕ್ಕೆಯಿಂದ ಶುರುವಾಗಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನನ್ನು ಕಂದು ಲಕೋಟೆಯಲ್ಲಿ ಹಾಕಿ ದೇವರ ಗೂಡಿನ ಪಕ್ಕ ಇಟ್ಟರು.

ಆ ಮನೆಯಲ್ಲಿ ಚಿತ್ರ ನಾನೊಬ್ಬನೇ ಅಲ್ಲವೆಂದು ಮರುದಿನ ತಿಳಿಯಿತು. ನೀಲಕ್ಕನಿಗೆ ಸೂರ್ಯನ ಫೋಟೋ ತೆಗೆಯುವ ಹುಚ್ಚು. ಬೆಳಿಗ್ಗೆ ಎಂಟಕ್ಕೆ ಮಾಳಿಗೆ ಹತ್ತಿ, ಸಣ್ಣ ದೂರದರ್ಶಕವನ್ನು ಸೂರ್ಯನ ಕಡೆ ತಿರುಗಿಸುವಳು. ಅದರೊಳಗೆ ಕಣ್ಣಿಡುತ್ತಿರಲಿಲ್ಲ. ಹಿಂದಿನಿಂದ ಬೀಳುವ ಬಿಂಬವನ್ನು ನೆರಳಿನ ಡಬ್ಬಿಯೊಳಗಿನ ಬಿಳಿ ಕಾರ್ಡಿನ ಮೇಲೆ ಹಿಡಿದು, ಆ ಕಾರ್ಡಿನ ಫೋಟೋ ತೆಗೆಯುವಳು. ದಿನಕ್ಕೆ ಒಂದೇ. ಆ ವರ್ಷ ಸೂರ್ಯನ ಮೇಲೆ ಕಲೆಗಳು ಹೆಚ್ಚು. ಒಂದಂಚಿನಲ್ಲಿ ಹುಟ್ಟಿದ ಕಲೆ ಹದಿಮೂರು ಹದಿನಾಲ್ಕು ದಿನಗಳಲ್ಲಿ ಇನ್ನೊಂದಂಚಿಗೆ ಸರಿದು ಮರೆಯಾಗುವುದನ್ನು ಅವಳ ಆಲ್ಬಮ್ಮಿನಲ್ಲಿ ಪುಟಪುಟವಾಗಿ ನೋಡಬಹುದಿತ್ತು.

ಕ್ಲಿಕ್ಕಿಸುವ ಮುಂಚೆ ಅವಳದೊಂದು ಪರೀಕ್ಷೆ. ದೂರದರ್ಶಕದ ಹಿಂದಿನ ಮಸೂರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುವಳು. ಕಲೆ ನಿಂತಲ್ಲೇ ನಿಂತರೆ ಸೂರ್ಯನದು. ಮಸೂರದ ಜೊತೆ ತಾನೂ ತಿರುಗಿದರೆ ಗಾಜಿನ ಮೇಲಿನ ಧೂಳು. ಮೊದಲನೆಯದಕ್ಕೆ 'ಅವನ ಕಲೆ', ಎರಡನೆಯದಕ್ಕೆ 'ಮನೀ ಕಲೆ' ಎಂದು ಹೆಸರಿಟ್ಟಿದ್ದಳು.

ಗಂಡ ಚನ್ನಬಸಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವ. ಅವನಿಗೆ ಈ ಹುಚ್ಚು ಎಂದೂ ರುಚಿಸಿರಲಿಲ್ಲ. ನಾನು ಆ ಮನೆಗೆ ಬಂದ ಐದನೆಯ ದಿನ ಮೆಟ್ಟಿಲ ಬುಡದಲ್ಲಿ ನಿಂತು ಅಂದ: "ಎದಿಯೊಳಗ ಕಲೆ ಇಟ್ಕೊಂಡು ಸೂರ್ಯಾಂದು ನೋಡಾಕ ಹೊಂಟೀಯಲ್ಲ."

"ಮತ್ತೇನು, ನಿಮ್ಮ ಮಾರಿ ನೋಡ್ಕೋತ ಕುಂದರ್ಲೇನು? ಅದು ನೋಡಿದ್ರ ಇನ್ನೂ ಅಂಜಿಕಿ ಬರತೈತಿ."

ನೀಲಕ್ಕ ನನ್ನನ್ನೂ ಎತ್ತಿಕೊಂಡು ಮಾಳಿಗೆಗೆ ಹೋದಳು. ಅದೇಕೋ ಆ ದಿನಗಳಲ್ಲಿ ನನ್ನನ್ನು ಬಿಟ್ಟಿರುತ್ತಿರಲಿಲ್ಲ. ಕಾರ್ಡಿನ ಮೇಲೆ ಹೊಸ ಕಲೆಯೊಂದು ಬಿದ್ದಿತ್ತು. ಮಸೂರ ತಿರುಗಿಸಿದಳು, ಕಲೆಯೂ ತಿರುಗಿತು. ಬಟ್ಟೆಯಿಂದ ಒರೆಸಿದಳು, ಹೋಯಿತು. ಬಟ್ಟೆ ಕೆಳಗಿಟ್ಟಳು. ಆಮೇಲೆ ಲಕೋಟೆಯಿಂದ ನನ್ನನ್ನು ತೆಗೆದು, ಸೂರ್ಯನಿಗೆ ಬೆನ್ನು ಮಾಡಿ, ಬಡಗಣ ಆಕಾಶಕ್ಕೆ ಹಿಡಿದು ನೋಡಿದಳು. ಆ ದಿನ ಫೋಟೋ ತೆಗೆಯಲೇ ಇಲ್ಲ.

ಒಂಬತ್ತೂವರೆಗೆ ನಾವು ಮೌಲಾಸಾಬನ ಮುಂದಿದ್ದೆವು.

"ತಮ್ಮಾ, ಈ ಚುಕ್ಕಿ ನಂದೋ, ನಿಮ್ಮ ಮನೀದೋ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದ ಮೇಲೆ ತುಸು ಮುನಿದ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥ ಮಾತು ಯಾರೂ ಕೇಳಿಲ್ಲ ಎಂದ. ಆದರೆ ಒಳ್ಳೆಯ ಕೆಲಸಗಾರ. ನನ್ನ ಮೂಲೆಯಲ್ಲಿ ಮೂಡಿದ್ದ ಮೂರರ ಅಂಕಿ ನೋಡಿದ. ಅದೇ ಕ್ಯಾಸೆಟ್ಟಿನಲ್ಲಿ ಶನಿವಾರ ತೆಗೆದ, ಯಾರೋ ಬಸ್ ಕಂಡಕ್ಟರನ ಸೊಂಟದ ಫಿಲ್ಮು ಇನ್ನೂ ಅಲ್ಲೇ ಇತ್ತು. ಅದನ್ನು ತಂದು ನನ್ನ ಮೇಲೆ ಅಂಚಿಗೆ ಅಂಚು ಕೂಡಿಸಿ ದೀಪಕ್ಕೆ ಹಿಡಿದ. ಎದೆಯೂ ಸೊಂಟವೂ ಕಲಸಿಹೋದವು. ಬಿಳಿ ಚುಕ್ಕೆ ಮಾತ್ರ ಎರಡರಲ್ಲೂ ಒಂದೇ ಜಾಗದಲ್ಲಿತ್ತು.

ಮೌಲಾಸಾಬ ಕ್ಯಾಸೆಟ್ ಬಿಚ್ಚಿದ. ಬಿಳಿ ಹಾಳೆಗೆ ಸುಣ್ಣದ ಚಕ್ಕೆಯೊಂದು ಅಂಟಿತ್ತು. ಯುಗಾದಿಗೆ ಮುಂಚೆ, ಫಿಲ್ಮು ತುಂಬುವ ಕತ್ತಲೆ ಕೋಣೆಗೆ ಸುಣ್ಣ ಹೊಡೆಸಿದ್ದರಂತೆ. ಬಿಳಿಯ ಮೇಲೆ ಬಿಳಿ, ಕೆಂಪು ದೀಪದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಮರೆಯಲ್ಲಿ ನನಗೆ ಬೆಳಕು ತಾಗಲಿಲ್ಲ, ಅಲ್ಲಿ ನಾನು ಕಪ್ಪಾಗಲಿಲ್ಲ. ಅಷ್ಟೇ ನಡೆದದ್ದು.

"ತಪ್ಪಾತ್ರಿ ಅಕ್ಕಾರ," ಎಂದ. ದನಿ ಸಣ್ಣದಾಗಿತ್ತು.

ಬೇರೆ ಕ್ಯಾಸೆಟ್ಟಿನಲ್ಲಿ ಮತ್ತೊಂದು ಫಿಲ್ಮು ತೆಗೆದ. ಒಣಗುವವರೆಗೆ ನೀಲಕ್ಕ ಬೆಂಚಿನ ಮೇಲೆ ನನ್ನನ್ನು ತೊಡೆಗೆ ಒತ್ತಿ ಕೂತಿದ್ದಳು. ನನ್ನ ಅಂಚು ಅವಳ ಬೆರಳಲ್ಲಿ ಮಡಚಿಹೋಯಿತು. ಡಾಕ್ಟರು ಹೊಸದನ್ನು ಅತ್ತಿತ್ತ ತಿರುಗಿಸಿ ನೋಡಿ, ಎರಡೂ ಪುಪ್ಪುಸ ಚೊಕ್ಕವಾಗಿವೆ ಎಂದರು. ಹುಬ್ಬಳ್ಳಿಯ ಚೀಟಿ ಹರಿದರು. ಕೆಮ್ಮಿಗೆ ಬರೆದ ಔಷಧಿ ಹದಿನೈದು ದಿನಕ್ಕೆ ಮುಗಿಯಿತು, ಕೆಮ್ಮೂ ಮುಗಿಯಿತು.

ಚೀಟಿ ಹರಿದ ಮರುದಿನ ಬೆಳಿಗ್ಗೆ ಚನ್ನಬಸಪ್ಪ, ಯಾರೂ ಕರೆಯದೆ, ಮಾಳಿಗೆ ಹತ್ತಿ ಬಂದ. ಏನು ಮಾಡಬೇಕೆಂದು ತಿಳಿಯದೆ ಗೋಡೆಯ ಮೇಲಿದ್ದ ನನ್ನನ್ನು ಎತ್ತಿ, ನನ್ನ ಮೂಲಕ ನೇರ ಸೂರ್ಯನನ್ನೇ ನೋಡಲು ಹೋದ. ನೀಲಕ್ಕ ಕಸಿದುಕೊಂಡಳು. "ಇದರಾಗ ನೋಡಬ್ಯಾಡ್ರಿ, ಕಣ್ಣು ಹೋಗತಾವ. ಇಲ್ಲಿ ಕಾರ್ಡಿನ ಮ್ಯಾಲೆ ನೋಡ್ರಿ."

ಅವನು ಡಬ್ಬಿಯೊಳಗೆ ತಲೆ ಬಗ್ಗಿಸಿ ಬಹಳ ಹೊತ್ತು ಎಣಿಸಿದ. "ಹನ್ನೊಂದು."

"ಹದಿನಾಲ್ಕು. ನಾಳಿಗೆ ಕಣ್ಣಿಗೆ ಚಾಳೀಸು ಹಾಕ್ಕೊಂಡು ಬರ್ರಿ."

ಚನ್ನಬಸಪ್ಪ ಮರುದಿನವೂ ಬಂದ. ಆಮೇಲೂ ಬಂದ.

ಈಗ ನನಗೆ ವಯಸ್ಸಾಗಿದೆ. ಮೈ ಕಂದಾಗಿ ಸುರುಳಿಗಟ್ಟಿದೆ. ಆಲ್ಬಮ್ಮುಗಳ ಕೆಳಗೆ, ಕಪಾಟಿನ ಕೊನೆಯ ಖಾನೆಯಲ್ಲಿದ್ದೇನೆ. ನಮ್ಮ ಕುಲದ ಮಾನವೆಲ್ಲ ನಿಜ ಹೇಳುವುದರಲ್ಲಿದೆ. ನಾನು ಹೇಳಿದ್ದು ಐದು ದಿನವೂ ಬಾಳಲಿಲ್ಲ. ಅದಕ್ಕಾಗಿ ನನಗೆ ನಾಚಿಕೆಯಿಲ್ಲ. ಇಲ್ಲಿ ಮಲಗಿಕೊಂಡೇ, ಮಾಳಿಗೆಯ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಸಪ್ಪಳ ಕೇಳುತ್ತೇನೆ.