ದಾರಿ ನೋಡಿ ಟೈರು ಹೇಳುವ ಹನುಮಯ್ಯ

ಯಾರದೋ ಗಾಡಿ ಓಡಾಡುವ ದಾರಿಯನ್ನು ಕಣ್ಣಾರೆ ನೋಡುವುದಕ್ಕೆಂದೇ ವಾರಕ್ಕೊಂದು ಸಿಗುವ ರಜೆಯನ್ನು ಕೊಟ್ಟು, ಬಸ್ಸು ಹತ್ತಿ, ಬಸ್ಸು ನಿಲ್ಲುವಲ್ಲಿಂದ ಮುಂದಕ್ಕೆ ನೋಯುವ ಮಂಡಿಗಳ ಮೇಲೆ ನಡೆದು ಹೋಗುವ ಮನುಷ್ಯರೊಬ್ಬರನ್ನು ನಾನು ಕೊಳ್ಳೇಗಾಲದಲ್ಲಿ ಕಂಡೆ. ಅವರ ಹೆಸರು ಹನುಮಯ್ಯ. ಗುರುಪಾದಸ್ವಾಮಿಯವರ ಟೈರಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ದುಡಿಯುತ್ತಿದ್ದವರು. ಟೈರು ಬಿಚ್ಚುವುದು, ಹಾಕುವುದು, ಗಾಳಿ ತುಂಬುವುದು ಅವರ ಕೆಲಸ. ಆದರೆ ಯಾವ ಗಾಡಿಗೆ ಯಾವ ಟೈರು ಎಂದು ತೀರ್ಮಾನಿಸುವ ಅಧಿಕಾರವೂ, ಯಾರೂ ವಹಿಸಿಕೊಡದೆಯೇ, ನಿಧಾನವಾಗಿ ಅವರ ಪಾಲಿಗೆ ಬಂದುಬಿಟ್ಟಿತ್ತು. ಹನೂರಿನಿಂದಲೂ ಯಳಂದೂರಿನಿಂದಲೂ ಬರುವವರು ಗಲ್ಲಾದಲ್ಲಿ ಕುಳಿತ ಯಜಮಾನರನ್ನು ದಾಟಿ ನೇರವಾಗಿ ಒಳಗೆ ನಡೆದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ ಈ ಮುದುಕರ ಮುಂದೆ ನಿಲ್ಲುತ್ತಿದ್ದರು.

ಹಾಗೆ ಕುಳಿತು ಕುಳಿತೇ ಅವರ ಕಾಲುಗಳು ಪೂರ್ತಿ ನೆಟ್ಟಗಾಗುವ ಅಭ್ಯಾಸವನ್ನು ಮರೆತಿದ್ದವು. ನಡೆಯುವಾಗ ತುಂಬಿದ ಕೊಡ ಹೊತ್ತವರ ಹಾಗೆ ಒಂದೊಂದೇ ಹೆಜ್ಜೆ ಅಳೆದಿಡುತ್ತಿದ್ದರು. ಪಕ್ಕದಲ್ಲಿ ಗೋಡೆಯಿದ್ದರೆ ಅದರ ಮೇಲೊಂದು ಕೈ. ಚೈತ್ರದ ಬಿಸಿಲಿನಲ್ಲೂ ಬಿಚ್ಚದ ಖಾಕಿ ಕೋಟಿನ ಎರಡು ತೋಳೂ ಮೊಣಕೈವರೆಗೆ ರಬ್ಬರಿನ ಕಪ್ಪು ಹೀರಿ, ಒಗೆದರೂ ಹೋಗದ ಹೊಳಪು ಪಡೆದಿದ್ದವು. ಮಾತು ಕಡಿಮೆ, ಆಡಿದರೆ ಆರಂಭ ಯಾವಾಗಲೂ 'ಅಂಗಲ್ಲ' ಎಂದೇ. ಎದುರಿನವರ ಮಾತಿಗೆ ಒಪ್ಪಿಗೆಯಿದ್ದಾಗಲೂ, 'ಅಂಗಲ್ಲ ಸಾ, ನೀವ್ ಯೋಳದೇ ಸರಿ' ಎನ್ನುತ್ತಿದ್ದರು. ತರಿಸಿಕೊಂಡ ಟೀಯನ್ನು ಪಕ್ಕದಲ್ಲಿಟ್ಟು ಮರೆತು, ಅದು ಕೆನೆಗಟ್ಟಿದ ಮೇಲೆ, ಇಲ್ಲದ ಬಿಸಿಯನ್ನು ಊದಿ ಕುಡಿಯುವರು.

ನನಗೆ ಅವರ ಪರಿಚಯವಾದದ್ದು ನಿವೃತ್ತನಾದ ಮೇಲೆ. ಯಳಂದೂರಿನ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಮುಗಿಸಿ, ಹನೂರಿನ ಹತ್ತಿರದ ನಮ್ಮ ತುಂಡು ತೋಟದ ಅರಿಶಿನ, ತೆಂಗಿನಕಾಯಿ ಸಾಗಿಸುವುದಕ್ಕೆಂದು ಒಂದು ಹಳೆಯ ಪಿಕಪ್ ಕೊಂಡಿದ್ದೆ. ಟೈರುಗಳು ಸವೆದು ನುಣುಪಾಗಿದ್ದವು. ಬಲ್ಲವರೆಲ್ಲ ಒಂದೇ ಮಾತು ಹೇಳಿದರು: ಆಲ್ ಟೆರೇನ್ ಹಾಕಿಸಿ, ಕಲ್ಲೋ ಕೆಸರೋ, ಎಲ್ಲಿಗೆ ಬೇಕಾದರೂ ಹೋಗಬಹುದು. ಕಂಪನಿಯವರು ಆಲ್ ಟೆರೇನ್ ಎಂದು ಅಚ್ಚುಹಾಕಿಸಿದರೂ ನಮ್ಮ ಕಡೆಯವರ ಬಾಯಲ್ಲಿ ಅದು ಬಟನ್ ಟೈರು. ಮೈಮೇಲೆಲ್ಲ ದಪ್ಪ ದಪ್ಪ ಗುಬಟುಗಳಿದ್ದು, ನೆಲವನ್ನು ಹಲ್ಲಿನಂತೆ ಕಚ್ಚಿ ಹಿಡಿಯುವಂಥದ್ದು. ನಾನು ಹನುಮಯ್ಯನವರಿಗೆ ಆ ಮಾತನ್ನೇ ಒಪ್ಪಿಸಿದೆ.

"ಅಂಗಲ್ಲ ಸಾ," ಎಂದರು ತಲೆಯೆತ್ತದೆ. "ಎಲ್ಲಿಗ್ ಬೇಕಾದ್ರೂವ ಯಾರೂ ಓಗಲ್ಲ. ನೀವ್ ಎಲ್ಲಿಗ್ ಓಗ್ತೀರಿ, ಅದ ಯೋಳಿ."

ತೋಟಕ್ಕೆ ಎಂದೆ. ಹಾಗಾದರೆ ತೋಟದ ದಾರಿಯನ್ನು ನೋಡಬೇಕು ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಭಾನುವಾರ ಹನ್ನೊಂದು ಗಂಟೆಯ ಸುಮಾರಿಗೆ, ಆ ಖಾಕಿ ಕೋಟಿನಲ್ಲಿ, ಕೈಯಲ್ಲೊಂದು ಕಡ್ಡಿ ಹಿಡಿದು ನಮ್ಮ ಬೇಲಿಯ ಬಳಿ ಪ್ರತ್ಯಕ್ಷರಾದರು. ಡಾಂಬರು ಮುಗಿಯುವಲ್ಲಿಂದ ತೋಟದವರೆಗಿನ ಎರಡು ಫರ್ಲಾಂಗನ್ನು ಹೋಗಿ ಬಂದು, ಮಣ್ಣಿಗೆ ಕಡ್ಡಿ ಚುಚ್ಚಿ ನೋಡಿ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆಂದು ಕೇಳಿ ತಿಳಿದು, ಕೊನೆಗೆ ತೀರ್ಪು ಕೊಟ್ಟರು: "ನಿಮ್ಗೆ ಮಾಮೂಲಿ ಟೈರೇ ಸಾಕು ಸಾ. ಆ ತಿರುವ್ನಲ್ಲಿ ಒಂದ್ ಲೋಡು ಜಲ್ಲಿ ಸುರ್ಸ್ಬುಡಿ."

ಇದನ್ನು ಕೇಳಿದ ಗುರುಪಾದಸ್ವಾಮಿಯವರು ಹಣೆಗೆ ಕೈಹಚ್ಚಿ, "ನನ್ ಯಾಪಾರ ಮುಗ್ಸಕ್ಕೇ ಉಟ್ಟವ್ನೆ ಕಣ್ರಿ ಇವ್ನು," ಎಂದು ಗೊಣಗಿದರು. ಗೊಣಗಿದರೂ ಹನುಮಯ್ಯನವರನ್ನು ಕೆಲಸದಿಂದ ಬಿಡಿಸುವಂತಿರಲಿಲ್ಲ, ಗಿರಾಕಿಗಳು ಬರುತ್ತಿದ್ದುದು ಅವರನ್ನು ಕೇಳಿಕೊಂಡೇ. ಒಮ್ಮೆ ಮಧುವನಹಳ್ಳಿಯ ಯುವಕನೊಬ್ಬ ಹೊಚ್ಚಹೊಸ ಪಿಕಪ್ ತಂದು, ಅಂಗಡಿಯಲ್ಲಿದ್ದ ಅತಿ ದಪ್ಪ ಗುಬಟಿನ ಟೈರಿಗೇ ಬೆರಳು ತೋರಿಸಿದ. ಓಡಾಟ ಎಲ್ಲಿಗೆ ಎಂದರೆ ಮಾದಪ್ಪನ ಬೆಟ್ಟಕ್ಕೆ, ಅಂಗಡಿಗಳಿಗೆ ಸಾಮಾನು ಹಾಕಲು ಎಂದ. ಅದು ಉದ್ದಕ್ಕೂ ಡಾಂಬರಿನ ದಾರಿ; ಡಾಂಬರಿನ ಮೇಲೆ ಈ ಟೈರು ಹುಯ್ಯೆಂದು ಕೂಗುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ಕುಡಿಯುತ್ತದೆ ಎಂದು ಇವರು ಮೂರು ಸಲ ಹೇಳಿದರು. ಅವನು ಸಿಟ್ಟಿನಿಂದ ಮೈಸೂರಿಗೆ ಹೋಗಿ ಹಾಕಿಸಿಕೊಂಡ. ಐದು ತಿಂಗಳಿಗೆ ಅದೇ ಗಾಡಿ ಅಂಗಡಿಯ ಮುಂದೆ ನಿಂತಾಗ, ಹನುಮಯ್ಯನವರು ಹಳೆಯ ಮಾತನ್ನು ಎತ್ತದೆ, ಜಾಕು ತೆಗೆದುಕೊಂಡು ಗಾಡಿಯ ಕೆಳಗೆ ಬಾಗಿದರು.

ಇದೆಲ್ಲ ಹುಟ್ಟಿನಿಂದ ಬಂದ ಪ್ರಾಮಾಣಿಕತೆ, ಜೊತೆಗೊಂದಿಷ್ಟು ಹಟ ಎಂದು ನಾನು ಬಹುಕಾಲ ತಿಳಿದಿದ್ದೆ. ಆ ಮುಖದಲ್ಲಿ ಸದಾ ಇರುತ್ತಿದ್ದ ಬಳಲಿಕೆಯನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಎರಡೂ ತಪ್ಪು ಎಂದು ತಿಳಿದದ್ದು ಕಳೆದ ಕಾರ್ತಿಕದಲ್ಲಿ, ಗಾಳಿ ತುಂಬಿಸಲು ಹೋಗಿದ್ದ ಒಂದು ಬೆಳಿಗ್ಗೆ.

ಇಪ್ಪತ್ತೈದು, ಇಪ್ಪತ್ತಾರು ವಯಸ್ಸಿನ ಹೆಣ್ಣುಮಗಳೊಬ್ಬಳು ಬಸ್ಸಿಳಿದು ಅಂಗಡಿಗೆ ಬಂದಳು. "ಹನುಮಯ್ಯ ಮಾವ ಅಂದ್ರೆ ನೀವೇನಾ? ನಾನು ಕಾರೇದೊಡ್ಡಿ ರಾಜಣ್ಣನ ಮಗಳು, ಸಿಂಧು. ಗಾಡಿ ರಿಪೇರಿ ಮಾಡ್ಸಿದೀವಿ. ಇನ್ಮೇಲೆ ನಾನೇ ಓಡಿಸ್ತೀನಿ, ಊರಿನ ಹಾಲು ಡೈರಿಗೆ ಹಾಕೋಕೆ. ಟೈರು ಯಾವ್ದು ಅಂತ ನಿಮ್ಮನ್ನೇ ಕೇಳ್ಬೇಕಂತೆ, ಅಪ್ಪ ಹೇಳಿ ಕಳಿಸ್ತು."

ಹನುಮಯ್ಯನವರ ಕೈಯಲ್ಲಿದ್ದ, ಟೈರು ಬಿಚ್ಚುವ ಕಬ್ಬಿಣದ ಮೀಟುಗೋಲು ನೆಲಕ್ಕೆ ಬಿತ್ತು. ಎರಡೂ ಕೈಗಳನ್ನು ಕೋಟಿಗೆ ಒರೆಸಿದರು, ಮತ್ತೆ ಒರೆಸಿದರು. "ಬ್ಯಾರೇ ಯಾರ್ನಾರ ಕೇಳವ್ವ," ಎಂದು ಅಂಗಡಿಯ ಹಿಂದಕ್ಕೆ ಹೊರಟುಹೋದರು. ಕೇಳಿದವರಿಗೆ ಅವರು ಇಲ್ಲವೆಂದದ್ದನ್ನು ನಾನು ಕಂಡಿರಲಿಲ್ಲ. ಸಿಂಧು ಹೋಗಲೂ ಆಗದೆ, ನಿಲ್ಲಲೂ ಆಗದೆ ನನ್ನ ಮುಖ ನೋಡಿದಳು. ಹತ್ತು ನಿಮಿಷದ ಮೇಲೆ ಅವರು ಮುಖ ತೊಳೆದುಕೊಂಡು ಬಂದರು. "ಒಂದ್ ವಾರ ಟೇಮ್ ಕೊಡವ್ವ," ಎಂದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ಸಾ, ಭಾನ್ವಾರ ನಿಮ್ ಗಾಡೀಲಿ ಒಂದಪ ಕರ್ಕಂಡೋಗೀರಾ?" ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಸಹಾಯ ಅದೊಂದೇ.

ಕಾರೇದೊಡ್ಡಿ ಇರುವುದು ಹನೂರು ದಾಟಿ ಮಾರ್ಟಳ್ಳಿಯ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ, ಕಾಡಿನ ಅಂಚಿಗೆ. ಹನೂರು ದಾಟಿದ ಮೇಲೆ, ಅವರು ಕಿಟಕಿಯ ಆಚೆಗೆ ನೋಡುತ್ತಲೇ ಹೇಳಿದರು.

ಆರು ವರ್ಷದ ಹಿಂದೆ ರಾಜಣ್ಣ ಅಂಗಡಿಗೆ ಬಂದು ಬಟನ್ ಟೈರನ್ನೇ ಕೇಳಿದ್ದ. ಬೇಡವೆಂದವರು ಇವರು. ಮುಸುಕಿನ ಜೋಳ ತುಂಬಿಕೊಂಡು ಕೊಳ್ಳೇಗಾಲಕ್ಕೆ ಬಂದು ಹೋಗುವವನು. ಹೆಚ್ಚುಕಡಿಮೆ ಎಲ್ಲ ಡಾಂಬರು, ಕೊನೆಗೆ ಮೂರು ಮೈಲಿ ಮಣ್ಣು. ಮೂರು ಮೈಲಿ ಮಣ್ಣಿಗಾಗಿ ಬಡವ ಯಾಕೆ ಹೆಚ್ಚು ಖರ್ಚು ಮಾಡಬೇಕು ಎಂದು ಯೋಚಿಸಿದರು. ಆ ಮೂರು ಮೈಲಿಯನ್ನು ಅವರು ನೋಡಿರಲಿಲ್ಲ. ನೋಡಬೇಕೆಂದು ಆಗ ಅನ್ನಿಸಿಯೂ ಇರಲಿಲ್ಲ. ಆ ವರ್ಷದ ಹಿಂಗಾರಿನಲ್ಲಿ, ಜೋಳದ ಮೂಟೆಗಳೊಂದಿಗೆ ಹಳ್ಳಕ್ಕೆ ಇಳಿಯುವಾಗ ಚಕ್ರಗಳು ಜಾರಿ ಗಾಡಿ ಮಗುಚಿತು. ರಾಜಣ್ಣನ ಸೊಂಟ ಮುರಿಯಿತು. ಎರಡು ವರ್ಷ ಹಾಸಿಗೆ, ಈಗ ಊರುಗೋಲು.

"ಆಸ್ಪತ್ರೇಗೋಗಿ ಅವ್ನ ಪಕ್ಕ ಕುಂತ್ಕಂಡಿದ್ದೆ ಸಾ. ಏನಾರ ಬಯ್ತಾನೆ ಅಂತ ಕಾದೆ. ಒಂದ್ ಮಾತೂ ಅನ್ಲಿಲ್ಲ. ನಿನ್ ಮಂಡಿನೋವು ಎಂಗದೆ ಅಂತ ನನ್ನೇ ಕೇಳ್ದ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು: "ಆಮ್ಯಾಕೆ ಎಲ್ಲಾರ್ ದಾರೀನೂವೆ ನೋಡ್ದೆ. ಇದೊಂದ ನೋಡಕ್ಕೆ ಧೈರ್ಯ ಬರ್ನಿಲ್ಲ."

ಡಾಂಬರು ಮುಗಿದು, ಒಂದು ಮೈಲಿಯಾದ ಮೇಲೆ ಹಳ್ಳದ ಇಳಿಜಾರು. ಹಿಂದಿನ ದಿನ ಮಳೆಯಾಗಿತ್ತು. ಕೆಳಗೆ ಹಾಸುಬಂಡೆ, ಅದರ ಮೇಲೆ ಒಂದು ಗೇಣು ಕೆಂಪು ಜಿಗುಟು ಮಣ್ಣು, ಇಳಿಯುವಲ್ಲೇ ಎಡಕ್ಕೊಂದು ತಿರುವು. ನಾನು ಗಾಡಿಯನ್ನು ಇಳಿಸುತ್ತೇನೆಂದರೆ ಬೇಡವೆಂದು ನನ್ನ ಕೈ ಹಿಡಿದುಬಿಟ್ಟರು. ತಾವೇ ಇಳಿದು ಹೋಗಿ ಕುಕ್ಕರಗಾಲಲ್ಲಿ ಕುಳಿತು, ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದರು. ಆ ಇಳಿಜಾರನ್ನು ಮೂರು ಸಲ ಹತ್ತಿ ಇಳಿದರು. ಪ್ರತಿ ಸಲವೂ ಅವರ ಮಂಡಿಗಳ ಲಟಕ್ ಸದ್ದು ಮೇಲೆ ನಿಂತ ನನಗೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಊರಿನ ಕಡೆಯಿಂದ ಮರಗೆಣಸಿನ ಮೂಟೆ ಹೇರಿದ ಒಂದು ಪಿಕಪ್ ಬಂತು. ಬಟನ್ ಟೈರಿನ ಗಾಡಿ. ಆಚೆ ದಡದಿಂದ ಹಳ್ಳಕ್ಕಿಳಿಯುವಾಗ ಒಂದು ಮಾರಿನಷ್ಟು ಜಾರಿತು. ಹನುಮಯ್ಯನವರ ಬಾಯಿಂದ ಉಸಿರಿನಂಥದ್ದೇನೋ ಹೊರಟಿತು. ಆಮೇಲೆ ಆ ಗುಬಟುಗಳು ಮಣ್ಣನ್ನು ಸೀಳಿಕೊಂಡು ಕೆಳಗಿನ ಬಂಡೆಯನ್ನು ಕಚ್ಚಿದವು, ಗಾಡಿ ನಿಂತಿತು, ನಿಧಾನವಾಗಿ ಹಳ್ಳ ದಾಟಿ ಈಚೆಗೆ ಹತ್ತಿ ಹೋಯಿತು. ಹತ್ತಿ ಹೋದ ಗಾಡಿಯ ಕಡೆಗೆ ಅವರು ತಿರುಗಲಿಲ್ಲ. ಕೆಸರಿನಲ್ಲಿ ಅದು ಬಿಟ್ಟು ಹೋದ ಅಚ್ಚನ್ನು ಬಹಳ ಹೊತ್ತು ನೋಡುತ್ತಾ ನಿಂತರು.

"ಇಡೀತದೆ ಸಾ," ಎಂದರು. "ಅವತ್ತೂವೆ ಇಡೀತಿತ್ತು."

ಲೋಡು ಹೆಚ್ಚಾಗಿತ್ತೇನೋ, ಬ್ರೇಕು ಸರಿಯಿರಲಿಲ್ಲವೇನೋ, ಯಾರು ಬಲ್ಲರು ಎಂದು ನಾನು ಏನೇನೋ ಹೇಳಹೊರಟೆ. ಅವರು ಕೆಸರಾದ ಕೈಯನ್ನು ಸುಮ್ಮನೆ ಎತ್ತಿದರು.

ಗಾಡಿಯನ್ನು ಅಲ್ಲೇ ಬಿಟ್ಟು ಊರಿಗೆ ನಡೆದೆವು. ರಾಜಣ್ಣ ಜಗಲಿಯ ಮೇಲೆ, ಊರುಗೋಲನ್ನು ಪಕ್ಕಕ್ಕೆ ಒರಗಿಸಿಕೊಂಡು, ಜೋಳದ ತೆನೆ ಬಿಡಿಸುತ್ತಿದ್ದ. ಸಿಂಧು ನೀರು ತಂದಳು. ಹನುಮಯ್ಯನವರು ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ.

"ರಾಜಣ್ಣ, ಹಳ್ಳ ನೋಡ್ಕಂಡ್ ಬಂದೆ," ಎಂದರು. "ಅವತ್ತು ನಾ ಯೋಳಿದ್ದು ತಪ್ಪು ಕಣಪ್ಪ. ನೀ ಕೇಳಿದ್ ಟೈರೇ ಆಕಿದ್ರೆ ನಿನ್ ಸೊಂಟ ಮುರೀತಿರ್ನಿಲ್ಲ."

ರಾಜಣ್ಣನ ಕೈ ತೆನೆಯ ಮೇಲೆ ನಿಂತಿತು. "ಗೊತ್ತು ಕಣಯ್ಯ," ಎಂದ.

"ಗೊತ್ತಾ?"

"ಬಿದ್ ದಿನ್ವೇ ಗೊತ್ತು. ಜಾರಿದ್ದು ನಾನೇ ಅಲ್ವಾ."

"ಗೊತ್ತಿದ್ದೂ ಮಗೀನ ನನ್ ತಾವ್ಕೇ ಯಾಕಪ್ಪ ಕಳಿಸ್ದೆ?"

ರಾಜಣ್ಣ ಮಗಳ ಕಡೆ ನೋಡಿದ. ಆಮೇಲೆ ಇವರ ಕಡೆ. "ಇನ್ಯಾರ್ ತಾವ್ಕೆ ಕಳಿಸ್ಲಿ? ಬ್ಯಾರೇವ್ರು ಅಂಗಡೀಲ್ ಕುಂತ್ಕಂಡೇ ಯೋಳ್ಬುಡ್ತಾರೆ. ನೀನು ಈ ಹಳ್ಳ ನೋಡ್ದೆ ಯೋಳಲ್ಲ ಅಂತ ಗೊತ್ತಿತ್ತು. ಕುಂತ್ಕೊ, ಕಾಲ್ ನೋಯ್ತದೆ."

ಅವರು ಕುಳಿತರು, ಕುಳಿತರು ಎನ್ನುವುದಕ್ಕಿಂತ ಕಂಬ ಹಿಡಿದುಕೊಂಡು ಕುಸಿದರು. ಸಿಂಧು ನೀರನ್ನು ಮತ್ತೆ ಅವರ ಮುಂದಿಟ್ಟು ಕೇಳಿದಳು: "ಹಂಗಾರೆ ಯಾವ್ದು ಹಾಕ್ಸೋದು ಮಾವ?"

ಆ ಪ್ರಶ್ನೆ ಅವರನ್ನು ಕೆಲಸಕ್ಕೆ ಹಿಂದಿರುಗಿಸಿತು. "ನಾಕಕ್ಕೂ ಬಟನ್ನೇ ಆಕ್ಸವ್ವ. ಇಂದ್ಗಡೆ ಎಲ್ಡೇ ಸಾಕು ಅಂತ ಯಾರಾರ ಅಂದ್ರೆ ಕೇಳ್ಬ್ಯಾಡ. ಇಳಿಜಾರ್ನಲ್ಲಿ ಬಾರವೆಲ್ಲ ಮುಂದಿನ್ ಚಕ್ರದ್ ಮ್ಯಾಲೆ ಬೀಳದು. ಡಾಂಬರಲ್ಲಿ ಸದ್ದು ಮಾಡ್ತದೆ, ತಡ್ಕೊ. ಜೋರ್ ಮಳೆ ಆದ್ ದಿನ ಮಾತ್ರ ಟೈರ್ ನಂಬ್ಕಂಡು ಇಳಿಸ್ಬ್ಯಾಡ. ಗಾಡಿ ನಿಲ್ಸಿ, ನಡ್ಕಂಡೋಗಿ ನೋಡು. ನೀರ್ ಕಮ್ಮಿ ಆಗಗಂಟ ಕಾಯಿ, ಹಾಲು ಕೆಟ್ರೆ ಕೆಡ್ಲಿ."

ಮುಂದಿನ ಸೋಮವಾರ ನಾಲ್ಕು ಟೈರನ್ನೂ ಅವರೇ ಹಾಕಿದರು, ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದರು. ಸಿಂಧು ಗಾಡಿ ತಿರುಗಿಸಿಕೊಂಡು ಹನೂರಿನ ರಸ್ತೆಗೆ ಹೋದಳು. ಆ ಹಿಂಗಾರೆಲ್ಲ ಅವಳ ಹಾಲಿನ ಕ್ಯಾನುಗಳು ಹಳ್ಳ ದಾಟಿದವು. ಭಾರ ಇಳಿದ ಗುರುತು ಕಂಡೀತೆಂದು ನಾನು ಹನುಮಯ್ಯನವರ ಮುಖವನ್ನು ನೋಡಿದೆ. ಅಲ್ಲಿ ಮೊದಲಿನ ಬಳಲಿಕೆಯೇ ಇತ್ತು. ಆ ಟೈರು ಹಾಕಿದ ಮರು ಭಾನುವಾರವೇ ಯಳಂದೂರಿನಾಚೆ, ಬೆಟ್ಟದ ಬುಡದ ಯಾರದೋ ಜಮೀನಿನ ದಾರಿ ನೋಡಲು ಹೋಗಿದ್ದರೆಂದು ಗುರುಪಾದಸ್ವಾಮಿಯವರು ಹೇಳಿದರು. ಗೊಣಗಲಿಲ್ಲ, ಮಂಡಿಗೆ ಯಾವ ಡಾಕ್ಟರು ಒಳ್ಳೆಯವರೆಂದು ನನ್ನನ್ನು ಕೇಳಿದರು.

ಮಾತು ಹೇಳಿ ಮರೆಯುವವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಇಂಥವರು ಇರುತ್ತಾರೆ. ಒಳ್ಳೆಯದಕ್ಕೆಂದೇ ಆಡಿದ ಮಾತೊಂದು ಇನ್ನೊಬ್ಬರ ಮೈಮೇಲೆ ಬಿದ್ದಾಗ, ಯಾವ ಕಾನೂನೂ ಅವರನ್ನು ವಿಚಾರಿಸುವುದಿಲ್ಲ, ನೊಂದವನೂ ದೂರುವುದಿಲ್ಲ. ದೂರಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅದೂ ಸಿಗದೆ, ತಮ್ಮ ಶಿಕ್ಷೆಯನ್ನು ತಾವೇ ಗೊತ್ತುಮಾಡಿಕೊಂಡು, ಅದನ್ನು ಕೆಲಸದ ರೂಪದಲ್ಲಿ ದಿನವೂ ಅನುಭವಿಸುತ್ತಾರೆ. ಅವರ ಎಚ್ಚರವನ್ನು ನಾವು ಸ್ವಭಾವ ಎನ್ನುತ್ತೇವೆ, ಆಯಾಸವನ್ನು ಮುಪ್ಪು ಎನ್ನುತ್ತೇವೆ. ಕ್ಷಮೆ ದೊರೆತ ಮೇಲೂ ಅವರು ದಣಿವಾರಿಸಿಕೊಳ್ಳಲು ಕೂರುವುದಿಲ್ಲ. ಏಕೆಂದರೆ ಅವರು ದುಡಿದದ್ದು ಕ್ಷಮೆಗಾಗಿ ಅಲ್ಲ, ಇನ್ನೊಬ್ಬ ಬೀಳಬಾರದೆಂದು. ಇಂಥ ದಣಿದ ಜನರು ಎಲ್ಲೋ ನಮಗಿಂತ ಮುಂಚೆ ನಡೆದು ನೋಡಿರುವುದರಿಂದಲೇ ನಾವು ನಮ್ಮ ನಮ್ಮ ಇಳಿಜಾರುಗಳನ್ನು, ಅವರ ಹೆಸರೂ ತಿಳಿಯದೆ, ಇಳಿದು ಮನೆ ಸೇರುತ್ತಿರುತ್ತೇವೆ.