ಶುಕ್ರವಾರದ ದರ

ದೇವದುರ್ಗದ ತುಳಸಿಬಾಯಿಗೆ ಉರ್ದುವಿನ ಅಲಿಫ್ ಬೇ ಗೊತ್ತಿರಲಿಲ್ಲ. ಆದರೂ ಶುಕ್ರವಾರ ಬೆಳಗಾದರೆ ಆಕೆಗೆ ಹೈದರಾಬಾದಿನ ಉರ್ದು ಪತ್ರಿಕೆಯದೇ ಧ್ಯಾನ. ಪಕ್ಕದ ಮನೆಯ ಜೈನಾಬ್ ಪತ್ರಿಕೆ ಹಿಡಿದು ಹಿತ್ತಲ ಗೋಡೆಯಾಚೆ ನಿಲ್ಲುವಳು. ಮುಟ್ಟಿದರೆ ಮತ್ತೆ ಸ್ನಾನ, ಹಾಗಾಗಿ ಮಡಿಯುಟ್ಟ ತುಳಸಿಬಾಯಿ ಈಚೆಗೆ ಮಾರು ದೂರ. ಶೇರುಪೇಟೆಯ ದರಪಟ್ಟಿಯಿಂದ ‘ವೆಂಕೋಬರಾವ್ ಎಣ್ಣೆ ಗಿರಣಿ, ರಾಯಚೂರು’ ಎಂದು ಜೈನಾಬ್ ಓದಿ ದರ ಹೇಳಿದ ಮೇಲೆಯೇ ಈಕೆಯ ಒಲೆಗೆ ಬೆಂಕಿ ಬೀಳುತ್ತಿದ್ದುದು. ತೀರಿಹೋದ ಗಂಡನ ಹೆಸರನ್ನು ತಾನಂತೂ ಬಾಯಿಬಿಟ್ಟು ಹೇಳುವಂತಿಲ್ಲ. ವಾರಕ್ಕೊಮ್ಮೆ ಕಿವಿಯ ಮೇಲಾದರೂ ಬೀಳಲಿ ಎಂಬ ಆಸೆ. ಅದೇನು ದೊಡ್ಡ ಆಸೆಯೇ?

೧೯೪೬ರ ಬೇಸಿಗೆಯಲ್ಲಿ, ಗಿರಣಿ ನೋಡಿಕೊಳ್ಳುತ್ತಿದ್ದ ಮೈದುನ ಜಗನ್ನಾಥ ರಾಯಚೂರಿನಿಂದ ಬಂದ. ಗಿರಣಿಯ ಹೆಸರನ್ನು ಶೇರುಪೇಟೆಯಿಂದ ತೆಗೆಸಬೇಕು, ಹೆಚ್ಚಿನ ಶೇರು ನಿಮ್ಮವೇ, ನಿಮ್ಮ ರುಜು ಬೇಕು ಎಂದ. ಗಂಡನನ್ನು ಮತ್ತೊಮ್ಮೆ ಮನೆಯಿಂದ ಹೊತ್ತೊಯ್ಯಲು ಬಂದರೇನೋ ಅನ್ನಿಸಿತು ಆಕೆಗೆ.

ಅವನೂ ಪಾಪ, ಖುಷಿಯಿಂದ ಬಂದವನಲ್ಲ. ಪೇಟೆಯಲ್ಲಿ ಹೆಸರಿರಬೇಕಾದರೆ ವರ್ಷವರ್ಷ ಶುಲ್ಕ ಕಟ್ಟಬೇಕು, ಆಡಿಟರನ್ನು ಕರೆಸಬೇಕು, ಲೆಕ್ಕವನ್ನೆಲ್ಲ ಅಚ್ಚು ಹಾಕಿಸಬೇಕು, ಹೈದರಾಬಾದಿನಲ್ಲೊಬ್ಬ ವಕೀಲನನ್ನು ಸಾಕಬೇಕು. ಇಷ್ಟೆಲ್ಲ ಯಾರಿಗಾಗಿ? ಉಳಿದ ಶೇರು ಇರುವುದು ಮಾನ್ವಿ, ಪೋತ್ನಾಳದ ಗುರುತಿನವರ ಹತ್ತಿರ. ಮಗಳ ಮದುವೆಯಲ್ಲಿ ಉಡುಗೊರೆ ಕೊಟ್ಟಾರು, ಮಾರುವ ಪೈಕಿ ಅಲ್ಲ. ಅವರೆಲ್ಲ ಆಗಲೇ ರುಜು ಹಾಕಿದ್ದರು.

“ಮೂಗಿಗಿಂತ ಮೂಗುತಿ ಭಾರ ಆಗ್ಯದ, ವೈನೀ. ಹಿಂಗ ನಡದ್ರ ಮುಂದಿನ ಸುಗ್ಗಿಗೆ ಗಿರಣಿನ ಇರೂದಿಲ್ಲ.”

“ಹೆಸರು ಅಳಿಸಿ ಗಿರಣಿ ಉಳಿಸ್ಕೊಂಡು ಏನ್ ಮಾಡ್ಲಿ? ವಾರಾ ವಾರಾ ಪೇಪರಿನಾಗ ಬರತದ. ಜೈನಾಬ್ ಓದತಾಳ, ನಾ ಕೇಳತೀನಿ.”

ಜಗನ್ನಾಥ ಕಣ್ಣು ಕಣ್ಣು ಬಿಟ್ಟ. “ಎಲ್ಲಿ ಬರತದ, ವೈನೀ? ಕೊಡೂದು ತೊಗೊಳ್ಳೂದು ನಡದ್ರ ಅಷ್ಟೇ ಹಾಕ್ತಾರ. ನಮ್ಮ ಶೇರು ಯಾರೂ ಕೇಳಲಾರದ ಎರಡು ವರ್ಷಾತು.”

ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಜೈನಾಬಳ ತಲೆಯ ಸೆರಗಷ್ಟೇ ಕಾಣುತ್ತಿತ್ತು, ಅದೂ ಬಗ್ಗಿತು. ತುಳಸಿಬಾಯಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪತ್ರಿಕೆಯಲ್ಲಿ ಇಲ್ಲದ್ದನ್ನು ಎರಡು ವರ್ಷ ತನಗಾಗಿ ಓದಿದವಳ ಮೇಲೆ ಮಮತೆ ಉಕ್ಕಿತು. ಹೆಸರು ಉಳಿದಿದ್ದು ಪೇಟೆಯಿಂದ ಅಲ್ಲವೆಂದ ಮೇಲೆ ಪೇಟೆಗೇಕೆ ದಂಡ ತೆರುವುದು? ಲೇಖನಿ ತರಿಸಿ ರುಜು ಹಾಕಿ, ಗಿರಣಿ ತಿರುಗಲಿ ಎಂದಳು.

ಮುಂದಿನ ಶುಕ್ರವಾರ ಜೈನಾಬ್ ಗೋಡೆಯ ಹತ್ತಿರ ಸುಳಿಯಲಿಲ್ಲ. ತುಳಸಿಬಾಯಿಯೇ ಕೂಗಿದಳು. ಬರಿಗೈಯಲ್ಲಿ ಬಂದು ತಲೆ ತಗ್ಗಿಸಿ ನಿಂತವಳನ್ನು ಕೇಳಿದಳು:

“ಎರಡು ವರ್ಷದಾಗ ಒಂದು ವಾರಾನೂ ದರ ಇಳಸ್ಲಿಲ್ಲಲ್ಲ, ಯಾಕ?”

“ಹೆಂಗ ಇಳಸ್ಲಿ, ಅಕ್ಕಾರ? ರಾಯರ ಹೆಸರು.”

ತುಳಸಿಬಾಯಿಗೆ ನಗುವೂ ಬಂತು, ಅಳುವೂ ಬಂತು. ಮಡಿಸೀರೆಯಲ್ಲೇ ಗೋಡೆಯ ಮೇಲಿಂದ ಕೈಚಾಚಿ ಜೈನಾಬಳ ಕೈ ಹಿಡಿದುಕೊಂಡಳು. ಪತ್ರಿಕೆ ಬೇಡ, ಬಾಯಿಂದಲೇ ಓದು ಎಂದಳು. ಜೈನಾಬ್ ಓದಿದಳು. ದರ ಆ ವಾರ ಇನ್ನೊಂದಿಷ್ಟು ಏರಿತ್ತು. ಎರಡನೇ ಸ್ನಾನಕ್ಕೆ ತುಳಸಿಬಾಯಿ ಅವಸರ ಮಾಡಲಿಲ್ಲ. ಒಲೆ ಮಧ್ಯಾಹ್ನದವರೆಗೂ ಹೊತ್ತಲಿಲ್ಲ.