ಮೇಷ್ಟ್ರು ಸುರಿದ ಗೊಬ್ಬರ

ಜೀವಕೋಶದ ಪೊರೆಯನ್ನು ನೀರು ಹೇಗೆ ದಾಟುತ್ತದೆಂದು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡು ಪಾಠ ಹೇಳಿದ್ದ ಮೇಷ್ಟ್ರು, ಹೆಂಡತಿಯ ಗುಲಾಬಿ ಕುಂಡಕ್ಕೆ ಇಡೀ ಪ್ಯಾಕೆಟ್ ರಾಸಾಯನಿಕ ಗೊಬ್ಬರ ಸುರಿದುಬಿಟ್ಟರು. ಮರುದಿನ ಗಿಡ ಜೋತುಬಿತ್ತು.

"ನೀರು ಹಾಕೋಕೂ ನಿನಗೆ ಪುರುಸೊತ್ತಿಲ್ವೇನೆ?" ಎಂದು ಆಕೆಯ ಮೇಲೆಯೇ ಹರಿಹಾಯ್ದರು.

ಕುಂಡದ ಮಣ್ಣು ಒದ್ದೆಯಾಗಿಯೇ ಇತ್ತು. ಆಕೆಗೆ ಮೈಯೆಲ್ಲ ಉರಿಯಿತು. ಅವರು ತಿದ್ದುತ್ತಿದ್ದ ಉತ್ತರಪತ್ರಿಕೆಯೊಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು: "ಮಣ್ಣಿನಲ್ಲಿ ಉಪ್ಪು, ಗೊಬ್ಬರ ಅತಿಯಾದರೆ ಬೇರಿನ ಜೀವಕೋಶದೊಳಗಿನ ನೀರು ಪೊರೆ ದಾಟಿ ಹೊರಬರುತ್ತದೆ, ಗಿಡ ಬಾಡುತ್ತದೆ."

"ಈ ಹುಡುಗಿ ಬರೆದಿರೋದು ಸರೀನಾ?" ಎಂದು ಕೇಳಿದಳು.

"ಫುಲ್ ಮಾರ್ಕ್ಸ್ ಕೊಟ್ಟಿದ್ದೀನಿ! ಪಾಠ ಮಾಡಿದ್ದು ಯಾರು ಮತ್ತೆ?" ಮೇಷ್ಟ್ರು ಎದೆಯುಬ್ಬಿಸಿದರು.

ಆಕೆ ಅವರ ಕೈಯಿಂದ ಕೆಂಪು ಪೆನ್ನು ಕಿತ್ತುಕೊಂಡು, ಖಾಲಿ ಗೊಬ್ಬರದ ಪ್ಯಾಕೆಟ್ಟಿನ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿ ಅವರ ಮುಂದಿಟ್ಟಳು.